ಅಣ್ಣನ ಕುರ್ಚಿ ತೀರ್ಥಹಳ್ಳಿಗೆ ಬರಬೇಕೇ? (ನಮ್ಮ ಮನೆಯವರ ಸಂದೇಶ ಗುಂಪಿನಲ್ಲಿ ನಡೆದ ಮಾತುಕತೆ)

ಅತ್ತೆ: ಮಿಲಾನ್‌ನಲ್ಲಿ ಮನೆ ಬದಲಿಸುತ್ತಿದ್ದೀಯಂತೆ. ಅಣ್ಣನ, ಅಂದರೆ ನಿನ್ನಪ್ಪನ, ಚರ್ಮದ ಕುರ್ಚಿಯನ್ನು ಯಾರ ಕೈಗೂ ಕೊಡಬೇಡ. ತೀರ್ಥಹಳ್ಳಿಯ ಮನೆಗೆ ಕಳಿಸು. ಸಾಗಣೆಯ ಖರ್ಚು ನನ್ನದು.

ಚಿಕ್ಕಪ್ಪ: ಅಕ್ಕ, ಆ ಕುರ್ಚಿಯಲ್ಲಿ ಅರ್ಧ ನನ್ನದು. 1972ರಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಅಣ್ಣನೂ ನಾನೂ ಸೇರಿ ಅಂಗಡಿಯಿಂದ ಹೊಚ್ಚ ಹೊಸದನ್ನು ತಂದದ್ದು. ಈಗ ಅದಕ್ಕೆ ಒಳ್ಳೆಯ ಬೆಲೆ ಇದೆ. ಮಾರಿ ಪಾಲು ಮಾಡಿ, ಮುಗಿಯಿತು.

ಭಾವ: ಮಾರುವುದಾದರೆ ಮೊದಲು ಹೊಸ ಚರ್ಮ ಹೊದಿಸಿ, ಮರಕ್ಕೆ ಪಾಲಿಶ್ ಹೊಡೆಸಿ. ಇಲ್ಲಿ ಕಳಿಸಿದ ಫೋಟೋದಲ್ಲೇ ದಿಂಬಿನ ಅಂಚಿನ ಬಿರುಕು ಕಾಣುತ್ತಿದೆ.

ಪುಟ್ಟಿ: ಭಾವ, ದಮ್ಮಯ್ಯ, ಬೇಡ! ಅದು ‘ಬಾಸ್ತಿಯಾನೋ’ ಎಂಬ ಮಾದರಿ. ಇಟಲಿಯ ಆಫ್ರಾ ಮತ್ತು ತೋಬಿಯಾ ಸ್ಕಾರ್ಪಾ ದಂಪತಿಯ ವಿನ್ಯಾಸ, 1960ರ ದಶಕದ ಆರಂಭದ್ದು. ಮೂಲ ಚರ್ಮ ಕಿತ್ತರೆ ಸಂಗ್ರಾಹಕರು ತಿರುಗಿಯೂ ನೋಡುವುದಿಲ್ಲ. ಪಾಲಿಶ್ ಅಂತೂ ಕೇಳಲೇಬೇಡಿ.

ಭಾವ: ಹರಿದ ಚರ್ಮಕ್ಕೆ ಹೆಚ್ಚು ಬೆಲೆಯೇ? ನಮ್ಮ ಮನೆಯ ಸೋಫಾವನ್ನೂ ಹಾಗಾದರೆ ಮಿಲಾನ್‌ಗೇ ಕಳಿಸುತ್ತೇನೆ.

ನಾನು: ಬೆಳಿಗ್ಗೆ ಕುರ್ಚಿಯನ್ನು ಬೋರಲು ಹಾಕಿ ನೋಡಿದೆ. ಮರದ ಚೌಕಟ್ಟು ಗಟ್ಟಿಮುಟ್ಟಾಗಿದೆ, ಒಂದು ಕೀಲೂ ಅಲುಗಾಡುವುದಿಲ್ಲ. ದಿಂಬುಗಳು ಬಿಡಿಬಿಡಿ. ಕೂರುವ ದಿಂಬನ್ನು ಎತ್ತಿದರೆ ನೆಲದ ಮೇಲೆ ಹಳದಿ ಪುಡಿ ಉದುರಿತು. ಒಳಗಿನ ಫೋಮ್ ಸತ್ತುಹೋಗಿದೆ, ಬೆರಳಿಗೆ ಅವಲಕ್ಕಿ ಪುಡಿಯಂತೆ ಸಿಗುತ್ತದೆ. ಹೊರಗಿನ ಚರ್ಮ ಮಾತ್ರ ಇನ್ನೂ ಮೆದುವಾಗಿದೆ. ಎಡಗಡೆ, ಅಪ್ಪ ಮೊಣಕೈ ಊರುತ್ತಿದ್ದ ಕಡೆ, ಬಣ್ಣ ಹೋಗಿ ಜೇನಿನ ಬಣ್ಣಕ್ಕೆ ತಿರುಗಿದೆ. ಭಾವ, ನೀವು ಹೇಳುವ ರೋಗ ಇರುವುದು ಒಳಗೆ, ಹೊರಗಲ್ಲ.

ಇನ್ನೊಂದು ವಿಷಯ, ಚಿಕ್ಕಪ್ಪನಿಗೆ. ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ತಯಾರಕರ ಹೆಸರು ಗವೀನಾ ಎಂದು ಮಾತ್ರ ಇದೆ. ದೀನೋ ಗವೀನಾ ಅವರ ಕಂಪನಿಯನ್ನು ಅಮೆರಿಕದ ಪೀಠೋಪಕರಣ ಕಂಪನಿ ನೋಲ್ ಕೊಂಡುಕೊಂಡದ್ದು 1968ರಲ್ಲಿ. ಆಮೇಲೆ ಈ ಮಾದರಿಯ ಕುರ್ಚಿಯನ್ನು ಮಾರಿದ್ದೂ ನೋಲ್. ಚೀಟಿಯಲ್ಲಿ ಆ ಹೆಸರೇ ಇಲ್ಲ. 1972ರ ಹೊಚ್ಚ ಹೊಸ ಕುರ್ಚಿ ಹೇಗಾದೀತು?

ಚಿಕ್ಕಪ್ಪ: ಅಂಗಡಿಯಲ್ಲಿ ಹಳೆಯ ದಾಸ್ತಾನು ಇರಬಾರದೇ?

ಅತ್ತೆ: ಈಗಷ್ಟೇ ಹೊಚ್ಚ ಹೊಸದು ಎಂದೆಯಲ್ಲ ಮಾರಾಯ! 1967ರಲ್ಲಿ ಅಣ್ಣ ಬರೆದ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. "ಕುರ್ಚಿಯೊಂದನ್ನು ಕೊಂಡೆ, ಮರ ನೋಡಿದರೆ ನಮ್ಮ ಬೀಟೆಯೇ" ಎಂದು ಬರೆದಿದ್ದಾನೆ. ನೀನು ಆಗ ಮೈಸೂರಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆ, ಅಥವಾ ಓದುತ್ತೇನೆ ಎಂದು ಅಪ್ಪನಿಂದ ದುಡ್ಡು ತರಿಸಿಕೊಳ್ಳುತ್ತಿದ್ದೆ. ಬೀಟೆಯ ಕುರ್ಚಿ ಬೀಟೆಯ ಊರಿಗೇ ಬರಲಿ.

ನಾನು: ಅತ್ತೆ, ತೊಡಕು ಇರುವುದೇ ಆ ಬೀಟೆಯಲ್ಲಿ. ಮರ ಬ್ರೆಜಿಲ್‌ನದೋ ನಮ್ಮ ಕಡೆಯದೋ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಬ್ರೆಜಿಲ್ ಬೀಟೆಯಾದರೆ ಅದು 1992ರಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದೆ ಗಡಿ ದಾಟಿಸುವಂತಿಲ್ಲ. ಚಿಕ್ಕಪ್ಪ, ಇಲ್ಲೇ ಮಾರುವುದಕ್ಕೂ ಪ್ರಮಾಣಪತ್ರ ಬೇಕು. ಐರೋಪ್ಯ ಒಕ್ಕೂಟದಲ್ಲಿ ವಿನಾಯಿತಿ ಇರುವುದು 1947ರ ಮಾರ್ಚ್ 3ಕ್ಕಿಂತ ಹಿಂದೆ ತಯಾರಾಗಿ ಕೈಗೆ ಬಂದ ವಸ್ತುಗಳಿಗೆ. ಇದು ಅಷ್ಟು ಹಳೆಯದಲ್ಲ.

ನಮ್ಮ ಬೀಟೆಯೇ ಆಗಿದ್ದರೂ 2017ರಿಂದ ಆ ಕುಲದಲ್ಲಿ ಬ್ರೆಜಿಲ್ ಬೀಟೆ ಬಿಟ್ಟು ಉಳಿದ ಎಲ್ಲ ಮರಗಳೂ ಎರಡನೆಯ ಪಟ್ಟಿಯಲ್ಲಿವೆ. ಸಿದ್ಧವಸ್ತುವಿನಲ್ಲಿ ಆ ಮರ 10 ಕಿಲೋಗಿಂತ ಹೆಚ್ಚಿದ್ದರೆ ಅನುಮತಿ ಬೇಕು. ದಿಂಬು ತೆಗೆದ ಮೇಲೂ ಇದನ್ನು ಎತ್ತಲು ಇಬ್ಬರು ಬೇಕು, ಅತ್ತೆ. ನಿಮ್ಮ ತೋಟದ ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆಗೆ ಎಷ್ಟು ಅಲೆದಿದ್ದೀರಿ ಎಂಬುದು ಗುಂಪಿಗೆಲ್ಲ ಗೊತ್ತು.

ಅತ್ತೆ: ನಮ್ಮ ಜಗುಲಿಗೆ ಬರಲು ಒಂದು ಕುರ್ಚಿಗೆ ಪಾಸ್‌ಪೋರ್ಟ್ ಬೇಕೇ?

ಪುಟ್ಟಿ: ಬಂದರೂ ಉಳಿಯುವುದಿಲ್ಲ ಅತ್ತೆ. ಆಷಾಢದಲ್ಲಿ ನಿಮ್ಮ ಮನೆಯಲ್ಲಿ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಅರವತ್ತು ವರ್ಷ ಒಣಹವೆಯಲ್ಲಿ, ಹೀಟರ್ ಪಕ್ಕದಲ್ಲಿ ಬಾಳಿದ ಚರ್ಮ ಅದು.

ಚಿಕ್ಕಪ್ಪ: ಅದು ದನದ ಚರ್ಮ ಎಂಬುದು ಅಕ್ಕನಿಗೆ ನೆನಪಿದೆಯೇ? ಜಗುಲಿಯಲ್ಲಿ ಇಟ್ಟರೆ ಎದುರಿಗೇ ದೇವರ ಕೋಣೆ.

ಅತ್ತೆ: ಅದೇ ಜಗುಲಿಗೆ ನೀನು ಬೂಟು ಹಾಕಿಕೊಂಡೇ ಹತ್ತುತ್ತೀಯಲ್ಲ, ಅದೇನು ಬಾಳೆದಿಂಡಿನದೋ?

ಭಾವ: 😂

ನಾನು: ಕುರ್ಚಿ ನನ್ನ ಜೊತೆ ಹೊಸ ಮನೆಗೆ ಬರುತ್ತದೆ. ಮಾರುವುದಿಲ್ಲ, ಚರ್ಮ ಬದಲಿಸುವುದಿಲ್ಲ, ಮರ ಉಜ್ಜಿಸುವುದಿಲ್ಲ. ಹಳೆಯ ಹೊದಿಕೆಯನ್ನೇ ಉಳಿಸಿಕೊಂಡು ಒಳಗಿನ ಫೋಮ್ ಮಾತ್ರ ಹೊಸದು ಹಾಕಿಸುತ್ತೇನೆ. ಅದಕ್ಕೂ ಕೈ ಪಳಗಿದವರು ಬೇಕು. ಹಳೆಯ ಹೊಲಿಗೆಯನ್ನು ಬಿಚ್ಚಿ ಅದೇ ತೂತುಗಳಲ್ಲಿ ಮತ್ತೆ ಹೊಲಿಯಬೇಕು, ಹೊಸ ತೂತು ಬಿದ್ದರೆ ಚರ್ಮ ಅಲ್ಲೇ ಹರಿಯುತ್ತದೆ. ಅತ್ತೆ, ಚಳಿಗಾಲದಲ್ಲಿ ಇಲ್ಲಿಗೆ ಬನ್ನಿ, ಬಂದು ಕೂರಿ. ಆ ಕಾಗದದ ಫೋಟೋ ಇವತ್ತೇ ಕಳಿಸಿ. ಕುರ್ಚಿ ಎಂದಿನಿಂದ ನಮ್ಮದು ಎಂದು ಇಲ್ಲಿಯ ಕಚೇರಿ ಕೇಳಿದರೆ ತೋರಿಸಲು ಒಂದಾದರೂ ಕಾಗದ ಇರಲಿ.

ಚಿಕ್ಕಪ್ಪ: ನನ್ನ ಅರ್ಧದ ಕಥೆ ಏನು?

ನಾನು: ಉಳಿಸಿಕೊಳ್ಳಿ. ಫೋಮ್ ಮತ್ತು ಹೊಲಿಗೆಯ ಖರ್ಚಿನಲ್ಲಿ ಅರ್ಧ ಯಾವ ಖಾತೆಯಿಂದ ಕಳಿಸುತ್ತೀರಿ ಎಂದು ತಿಳಿಸಿ.

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತೆ: ಅಳಿಸುವ ಮೊದಲೇ ಓದಿದೆ ಮಾರಾಯ.