ಕೋಣೆಯೊಳಗಿನ ಶಾರ್ಟ್‌ವೇವ್ ಆಂಟೆನಾ: ಮಾಡಿ ನೋಡಿದವರು ಹೇಳಿ

ಪ್ರಶ್ನೆ

ನಮ್ಮದು ಬಹುಮಹಡಿ ಕಟ್ಟಡದ ನಡುವಿನ ಮಹಡಿ. ತಾರಸಿಯ ಮೇಲೆ ತಂತಿ ಎಳೆಯಲು ಅನುಮತಿ ಇಲ್ಲ, ಬಾಲ್ಕನಿಯೂ ಇಲ್ಲ. ನನ್ನಲ್ಲಿರುವುದು ಅಂಗೈಗಿಂತ ತುಸು ದೊಡ್ಡದಾದ ಶಾರ್ಟ್‌ವೇವ್ ರೇಡಿಯೊ. ಅದರ ಏರಿಯಲ್ ಕಡ್ಡಿಯನ್ನು ಪೂರ್ತಿ ಎಳೆದು ನಿಲ್ಲಿಸಿದರೂ 49 ಮೀಟರ್ ಬ್ಯಾಂಡಿನಿಂದ 19 ಮೀಟರ್ ಬ್ಯಾಂಡಿನವರೆಗೆ ಕೇಳಿಸುವುದು ಬರೀ ಗೊರಗೊರ. ಮೇಜಿನ ಮೇಲೋ ಕಿಟಕಿಯ ಪಕ್ಕದಲ್ಲೋ ಇಡಬಹುದಾದ ಚಿಕ್ಕ ಆಂಟೆನಾವನ್ನು ಕೈಯಾರೆ ಮಾಡಿದವರು ಯಾರಾದರೂ ಇದ್ದೀರಾ? ಬೆಸುಗೆ ಹಾಕಲು ಬರುತ್ತದೆ, ಲೆಕ್ಕ ಅಷ್ಟಾಗಿ ಬರುವುದಿಲ್ಲ. ಮಾಡಿ ಕೆಡಿಸಿಕೊಂಡವರ ಅನುಭವವೂ ಬೇಕು.

ಉತ್ತರ 1

ಆಂಟೆನಾಕ್ಕೆ ಕೈಹಾಕುವ ಮೊದಲು ಕಳ್ಳನನ್ನು ಹಿಡಿಯಿರಿ. ರೇಡಿಯೊವನ್ನು ಬ್ಯಾಟರಿಯಲ್ಲಿ ಹಾಕಿ, 31 ಮೀಟರ್ ಬ್ಯಾಂಡಿನಲ್ಲಿ, ಅಂದರೆ 9.5 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಯಾವ ನಿಲ್ದಾಣವೂ ಇಲ್ಲದ ಕಡೆ ನಿಲ್ಲಿಸಿ. ಆಮೇಲೆ ಮನೆಯ ಮೇನ್ ಸ್ವಿಚ್ ಆರಿಸಿ. ಗೊರಗೊರ ಥಟ್ಟನೆ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ, ಸಿಕ್ಕಿಬೀಳುತ್ತಾನೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಇನ್ವರ್ಟರ್, ವೈ-ಫೈ ಪೆಟ್ಟಿಗೆಯ ಅಡಾಪ್ಟರ್ ಇವೆಲ್ಲ ಈ ಕೆಲಸದಲ್ಲಿ ಪಳಗಿದವು. ನಾನು ಎರಡು ತಿಂಗಳು ಆಂಟೆನಾದ ಮೇಲೆ ಆಂಟೆನಾ ಕಟ್ಟುತ್ತಾ ಕುಳಿತಿದ್ದೆ. ಕೊನೆಗೆ ನೋಡಿದರೆ ಬೆಸುಗೆ ಹಾಕಲು ಬೆಳಕು ಕೊಡುತ್ತಿದ್ದ ಮೇಜಿನ ದೀಪವೇ ಗದ್ದಲದ ಮೂಲವಾಗಿತ್ತು.

ಉತ್ತರ 2

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಆರೇಳು ಮೀಟರ್ ತೆಳು ತಂತಿಯನ್ನು ಪರದೆಯ ಸರಳಿನಿಂದ ಹಿಡಿದು ಗೋಡೆಯ ಮೇಲಂಚಿನ ಉದ್ದಕ್ಕೂ ಅಂಟಿಸಿ, ತುದಿಗೊಂದು ಕ್ರೊಕೊಡೈಲ್ ಕ್ಲಿಪ್ ಹಾಕಿ ಏರಿಯಲ್ ಕಡ್ಡಿಗೆ ಕಚ್ಚಿಸಿ. ಹತ್ತು ನಿಮಿಷದ ಕೆಲಸ. ನನ್ನ ರೇಡಿಯೊದ ಸಿಗ್ನಲ್ ಮೀಟರಿನಲ್ಲಿ ಎರಡು ಗೀಟು ಇದ್ದದ್ದು ಪೂರ್ತಿ ತುಂಬಿತು.

ಒಂದು ಎಚ್ಚರಿಕೆ ಮಾತ್ರ ಇದೆ. ಚಿಕ್ಕ ರೇಡಿಯೊಗಳು ಕಡ್ಡಿಗೆಂದೇ ಮಾಡಿದವು. ಉದ್ದ ತಂತಿ ಕಚ್ಚಿಸಿದರೆ ರಾತ್ರಿ ಹೊತ್ತು ಪ್ರಬಲ ನಿಲ್ದಾಣಗಳು ಇಲ್ಲಸಲ್ಲದ ಕಡೆಯೆಲ್ಲ ತಲೆಹಾಕುತ್ತವೆ. ಆಗ ತಂತಿ ಗಿಡ್ಡ ಮಾಡಿ, ಇಲ್ಲವೇ ರೇಡಿಯೊದಲ್ಲಿ ಲೋಕಲ್ (ಹತ್ತಿರದ್ದು), ಡಿಎಕ್ಸ್ (ದೂರದ್ದು) ಎಂಬ ಗುಂಡಿ ಇದ್ದರೆ ಲೋಕಲ್ ಕಡೆಗೆ ತಳ್ಳಿ.

ಉತ್ತರ 3

ಎರಡನೆಯವರು ಮೀಟರ್ ನೋಡಿದ್ದಾರೆ, ಕಿವಿಯನ್ನು ಕೇಳಲಿಲ್ಲ. ಗದ್ದಲವೂ ಅಷ್ಟೇ ಏರಿದರೆ ಗೀಟು ತುಂಬಿ ಏನು ಪ್ರಯೋಜನ? ಕಡ್ಡಿಗೆ ಕಚ್ಚಿಸಿದ ತಂತಿಗೆ ನೆಲದ ಸಂಪರ್ಕ ಬೇಕು. ಅದಿಲ್ಲದಾಗ ರೇಡಿಯೊದ ದೇಹ, ಅಡಾಪ್ಟರಿನ ವೈರು, ಮನೆಯ ವಿದ್ಯುತ್ ಜಾಲ ಎಲ್ಲವೂ ಆಂಟೆನಾದ ಇನ್ನೊಂದು ಅರ್ಧವಾಗುತ್ತವೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ನನ್ನ ಮಟ್ಟಿಗೆ ಕೋಣೆಯೊಳಗೆ ಲೂಪ್ ಆಂಟೆನಾವೇ, ಅಂದರೆ ತಂತಿಯನ್ನು ಬಳೆಯಂತೆ ಬಾಗಿಸಿದ ಆಂಟೆನಾವೇ, ಸರಿ. ಅದು ಸಿಗ್ನಲ್ಲನ್ನು ಕಡಿಮೆ ಹಿಡಿಯುತ್ತದೆ, ಗದ್ದಲವನ್ನು ಇನ್ನೂ ಕಡಿಮೆ ಹಿಡಿಯುತ್ತದೆ.

ಲೆಕ್ಕ ಬೇಡವೆಂದಿರಿ, ಆದ್ದರಿಂದ ಸಿದ್ಧ ಅಳತೆ ಕೊಡುತ್ತೇನೆ. 1.5 ಚದರ ಮಿಲಿಮೀಟರಿನ ಮಾಮೂಲು ವೈರಿಂಗ್ ತಂತಿ ಎರಡೂವರೆ ಮೀಟರ್ ತೆಗೆದುಕೊಂಡು ಒಂದೇ ಸುತ್ತಿನ ಬಳೆ ಮಾಡಿ. ವ್ಯಾಸ ಸುಮಾರು 80 ಸೆಂಟಿಮೀಟರ್ ಬರುತ್ತದೆ. ನಾನು ಮಕ್ಕಳು ಸೊಂಟದಲ್ಲಿ ತಿರುಗಿಸುವ ಪ್ಲಾಸ್ಟಿಕ್ ಬಳೆಗೆ ತಂತಿ ಕಟ್ಟಿದೆ. ಮಿನುಗುವ ಲೋಹದ ಪಟ್ಟಿ ಸುತ್ತಿದ ಬಳೆಯಾದರೆ ಅದನ್ನು ಮೊದಲು ಕಿತ್ತುಹಾಕಿ. ಮರದ ಎರಡು ಪಟ್ಟಿಗಳನ್ನು ಅಡ್ಡಡ್ಡ ಸೇರಿಸಿ ಚೌಕ ಮಾಡಿದರೂ ನಡೆಯುತ್ತದೆ, ಚೌಕಟ್ಟು ಲೋಹದ್ದಾಗಬಾರದು ಅಷ್ಟೇ. ತಂತಿಯ ಎರಡು ತುದಿಗಳನ್ನು ಕೆಳಗೆ ತಂದು 365 ಪಿಕೊಫ್ಯಾರಡ್‌ನ ಗ್ಯಾಂಗ್ ಕಂಡೆನ್ಸರಿನ (ಹಳೆಯ ರೇಡಿಯೊಗಳಲ್ಲಿ ನಿಲ್ದಾಣ ಹಿಡಿಯಲು ತಿರುಗಿಸುವ ಭಾಗ) ಎರಡು ಕಡೆಗೆ ಬೆಸೆಯಿರಿ. ಇದು ಹೆಚ್ಚುಕಡಿಮೆ 5ರಿಂದ 16 ಮೆಗಾಹರ್ಟ್ಸ್ ತನಕ ಟ್ಯೂನ್ ಆಗುತ್ತದೆ, ಅಂದರೆ ನೀವು ಕೇಳಿದ 49ರಿಂದ 19 ಮೀಟರ್ ಅಷ್ಟೂ ಇದರೊಳಗೆ ಬಂತು.

ರೇಡಿಯೊಗೆ ಹೋಗುವ ಕೇಬಲ್ ಈ ದೊಡ್ಡ ಬಳೆಯನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಬೇರೆಯೇ ಒಂದು ಚಿಕ್ಕ ಬಳೆ ಬೇಕು. ಸುತ್ತಳತೆ ದೊಡ್ಡದರ ಐದನೇ ಒಂದು ಭಾಗ, ಅಂದರೆ ಅರ್ಧ ಮೀಟರ್ ತಂತಿ. ಇದನ್ನು ಗ್ಯಾಂಗಿನ ಎದುರು ಭಾಗದಲ್ಲಿ, ದೊಡ್ಡ ಬಳೆಯ ಒಳಗೆ ಮೇಲ್ಗಡೆ ಕಟ್ಟಿ. ಇದರ ಎರಡು ತುದಿಗಳಿಗೆ ಕೋ-ಆಕ್ಸಿಯಲ್ ಕೇಬಲ್ಲಿನ ಒಳತಂತಿ ಮತ್ತು ಹೊರಬಲೆ ಬೆಸೆದು, ಕೇಬಲ್ಲನ್ನು ದೊಡ್ಡ ಬಳೆಯ ನಡುಮಧ್ಯದಿಂದ ನೇರವಾಗಿ ಕೆಳಗಿಳಿಸಿ. ರೇಡಿಯೊದಲ್ಲಿ ಹೊರ ಆಂಟೆನಾದ ತೂತು ಇದ್ದರೆ ಅಲ್ಲಿಗೆ. ಇಲ್ಲದಿದ್ದರೆ ಒಳತಂತಿಯನ್ನು ಕಡ್ಡಿಗೂ ಹೊರಬಲೆಯನ್ನು ಬ್ಯಾಟರಿಯ ಋಣ ತುದಿಗೂ ಕಚ್ಚಿಸಿ.

ನಿಲ್ದಾಣ ಹಿಡಿದ ಮೇಲೆ ಗ್ಯಾಂಗನ್ನು ಬಹಳ ನಿಧಾನವಾಗಿ ತಿರುಗಿಸಿ. ಒಂದು ಕಡೆ ಸದ್ದು ಉಕ್ಕಿ ಮತ್ತೆ ಇಳಿಯುತ್ತದೆ, ಆ ಶಿಖರವೇ ನಿಮ್ಮ ಜಾಗ. ಶಿಖರ ಬಹಳ ಚೂಪು. ಕೆಲವು ಹತ್ತು ಕಿಲೊಹರ್ಟ್ಸ್ ಆಚೆ ಹೋದರೆ ಮತ್ತೆ ತಿರುಗಿಸಬೇಕು. ಅದು ತೊಂದರೆಯೂ ಹೌದು, ವರವೂ ಹೌದು: ಎರಡನೆಯವರು ಹೇಳಿದ ಪ್ರಬಲ ನಿಲ್ದಾಣಗಳ ಹಾವಳಿ ಇಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ.

ಇನ್ನು ದಿಕ್ಕು. ಲೂಪ್ ತನ್ನ ಅಂಚಿನ ಕಡೆಯಿಂದ ಬಂದದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಮುಖದ ಕಡೆಯಿಂದ ಬಂದದ್ದಕ್ಕೆ ಕಿವುಡಾಗುತ್ತದೆ. ಆದರೂ ನಿಲ್ದಾಣದ ಕಡೆಗೆ ತಿರುಗಿಸುವ ಗೊಡವೆ ಬಿಡಿ. ಶಾರ್ಟ್‌ವೇವ್ ಸಿಗ್ನಲ್ ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಪುಟಿದು ಮೇಲಿನಿಂದ ಓರೆಯಾಗಿ ಇಳಿಯುತ್ತದೆ, ಅದಕ್ಕೆ ಈ ಕಿವುಡು ಅಷ್ಟಾಗಿ ತಟ್ಟುವುದಿಲ್ಲ. ಪಕ್ಕದ ಕೋಣೆಯ ಗದ್ದಲಕ್ಕೆ ಚೆನ್ನಾಗಿಯೇ ತಟ್ಟುತ್ತದೆ. ಲೂಪಿನ ಮುಖವನ್ನು ಗದ್ದಲದ ಕಡೆಗೆ ತಿರುಗಿಸಿ, ಎಲ್ಲಿ ಅದು ಸಾಯುತ್ತದೋ ಅಲ್ಲಿ ಬಿಡಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಹಳೆಯ ವಾಲ್ವ್ ರೇಡಿಯೊದ ಗ್ಯಾಂಗ್ ಸಿಕ್ಕಿದೆ, ಒಂದೇ ದಂಡಕ್ಕೆ ಎರಡು ಭಾಗಗಳಿವೆ. ಎರಡನ್ನೂ ಸೇರಿಸಿದರೆ ಇನ್ನೂ ಒಳ್ಳೆಯದಲ್ಲವೇ?

ಉತ್ತರ 3

ಒಂದನ್ನೇ ಬಳಸಿ. ಎರಡನ್ನೂ ಸಮಾಂತರವಾಗಿ ಸೇರಿಸಿದರೆ ಗರಿಷ್ಠದ ಜೊತೆಗೆ ಕನಿಷ್ಠ ಬೆಲೆಯೂ ಏರುತ್ತದೆ. ಕೆಳಗೆ 75 ಮೀಟರ್ ಬ್ಯಾಂಡ್ ಸಿಗುತ್ತದೆ, ಮೇಲೆ 19 ಮೀಟರ್ ಕೈತಪ್ಪುತ್ತದೆ. ಎರಡೂ ಬೇಕೆಂದರೆ ಎರಡನೇ ಭಾಗಕ್ಕೆ ಒಂದು ಚಿಕ್ಕ ಸ್ವಿಚ್ ಹಾಕಿ. ಕಂಡೆನ್ಸರಿನ ಬೆಲೆ ನಾಲ್ಕು ಪಟ್ಟಾದರೆ ಆವರ್ತನ ಅರ್ಧಕ್ಕೆ ಇಳಿಯುತ್ತದೆ. ಇಡೀ ಲೂಪಿನಲ್ಲಿ ನೆನಪಿಡಬೇಕಾದ ಲೆಕ್ಕ ಇದೊಂದೇ.

ಉತ್ತರ 4

ಕೆಡಿಸಿಕೊಂಡವರ ಅನುಭವ ಕೇಳಿದಿರಲ್ಲ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮೊದಲ ಲೂಪನ್ನು ಎನಾಮೆಲ್ ತಂತಿಯಲ್ಲಿ ಮಾಡಿದೆ. ಬೆಸುಗೆ ಫಳಫಳ ಹೊಳೆಯುತ್ತಿತ್ತು, ರೇಡಿಯೊ ಮೂಕವಾಗಿತ್ತು. ತಂತಿಯ ಮೇಲಿನ ಲೇಪವನ್ನು ಕೆರೆಯದೆಯೇ ಬೆಸೆದಿದ್ದೆ. ಎರಡನೆಯ ಸಲ ಚಿಕ್ಕ ಬಳೆಯನ್ನು ಕೋ-ಆಕ್ಸಿಯಲ್ ಕೇಬಲ್ಲಿನಲ್ಲೇ ಮಾಡುವ ಹುಮ್ಮಸ್ಸು ಬಂತು. ಹಾಗೆ ಮಾಡುವಾಗ ಹೊರಬಲೆಯನ್ನು ನೆತ್ತಿಯಲ್ಲಿ ಒಂದೆರಡು ಸೆಂಟಿಮೀಟರ್ ಕತ್ತರಿಸಿ ತೆರವು ಬಿಡಬೇಕು. ನಾನು ಬಿಡಲಿಲ್ಲ. ಬಲೆ ತನಗೆ ತಾನೇ ಶಾರ್ಟ್ ಆಗಿ ಒಳಗಿನ ತಂತಿಗೆ ಏನೂ ತಲುಪಲಿಲ್ಲ. ಮೂರನೆಯದು ಕೆಲಸ ಮಾಡಿತು, ಆದರೆ ಶಿಖರ ಹಿಡಿದು ಕೈ ತೆಗೆದ ಕೂಡಲೇ ಟ್ಯೂನಿಂಗ್ ಜಾರಿಹೋಗುತ್ತಿತ್ತು. ನಮ್ಮ ದೇಹವೇ ಒಂದು ಕಂಡೆನ್ಸರ್ ಎನ್ನುವುದು ಪುಸ್ತಕದಲ್ಲಿ ಓದಿದ್ದೆ, ಅಂದು ನಂಬಿದೆ. ಗ್ಯಾಂಗಿನ ದಂಡಕ್ಕೆ ಒಂದು ಗೇಣು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಅದರ ತುದಿಗೆ ಗುಂಡಿ ಹಾಕಿದ ಮೇಲೆ ಸರಿಹೋಯಿತು.

ಇನ್ನೊಂದು ಮಾತು. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ಅಲೆಗಳನ್ನು ತಡೆಯುತ್ತವೆ, ಆದ್ದರಿಂದ ಕಿಟಕಿಯ ಬಳಿಯೇ ಇಡಿ. ಆದರೆ ಕಿಟಕಿಗೆ ಕಬ್ಬಿಣದ ಸರಳಿದ್ದರೆ ಲೂಪನ್ನು ಅದಕ್ಕೆ ಒರಗಿಸಬೇಡಿ, ಎರಡು ಗೇಣು ದೂರವಿರಲಿ.

ಉತ್ತರ 5

ನೆಲದ ಸಂಪರ್ಕಕ್ಕೆಂದು ಯಾರೂ ವಿದ್ಯುತ್ ಸಾಕೆಟ್ಟಿನೊಳಗೆ ತಂತಿ ತೂರಿಸಬೇಡಿ, ಜೀವಕ್ಕೆ ಅಪಾಯ. ಲೂಪಿಗೆ ಅದು ಬೇಕಾಗಿಯೂ ಇಲ್ಲ. ಈ ಲೂಪ್ ಕೇಳುವುದಕ್ಕೆ ಮಾತ್ರ. ಪ್ರಸಾರ ಮಾಡುವವರ ಲೂಪಿನಲ್ಲಿ ಕಂಡೆನ್ಸರಿನ ಮೇಲೆ ಸಾವಿರಾರು ವೋಲ್ಟ್ ಏರುತ್ತದೆ, ಅದು ಬೇರೆಯೇ ವಿದ್ಯೆ.

ಪ್ರಶ್ನೆ ಕೇಳಿದವರು

ಮಾಡಿದೆ! ಮೇನ್ ಸ್ವಿಚ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ವೈ-ಫೈ ಅಡಾಪ್ಟರ್. ಅದನ್ನು ಬದಲಿಸಿದ್ದರಿಂದಲೇ ಅರ್ಧ ಗೊರಗೊರ ಹೋಯಿತು. ಆಮೇಲೆ ಬಳೆ ಕಟ್ಟಿ, ಹಗಲಿನಲ್ಲಿ 19 ಮೀಟರ್, ಕತ್ತಲಾದ ಮೇಲೆ 41 ಮತ್ತು 49 ಮೀಟರ್ ನೋಡಿದೆ. ಮೀಟರಿನಲ್ಲಿ ಮೊದಲಿಗಿಂತ ಒಂದು ಗೀಟು ಮಾತ್ರ ಹೆಚ್ಚು, ಆದರೆ ಮಾತು ಅರ್ಥವಾಗುತ್ತಿದೆ. ಲಿಫ್ಟ್ ಓಡಿದಾಗಲೆಲ್ಲ ಕರಕರ ಎನ್ನುವುದು ಮಾತ್ರ ಉಳಿದಿದೆ, ಬಳೆಯನ್ನು ಎತ್ತ ತಿರುಗಿಸಿದರೂ ಪೂರ್ತಿ ಹೋಗುತ್ತಿಲ್ಲ. ಸರಿಯಾಗಿ ಕಟ್ಟಿದ್ದೇನೆಯೇ ಎಂದು ತಿಳಿಯುವ ಬಗೆ ಏನಾದರೂ ಇದೆಯೇ?

ಉತ್ತರ 3

ಲಿಫ್ಟಿನ ಗದ್ದಲ ಕಟ್ಟಡದ ವೈರುಗಳಲ್ಲೆಲ್ಲ ಹರಿಯುತ್ತದೆ, ಹಾಗಾಗಿ ಅದಕ್ಕೊಂದು ದಿಕ್ಕು ಇರುವುದಿಲ್ಲ. ಕೋ-ಆಕ್ಸಿಯಲ್ ಕೇಬಲ್ಲನ್ನು ರೇಡಿಯೊದ ಹತ್ತಿರ ಫೆರೈಟ್ (ಪಿಂಗಾಣಿಯಂಥ ಕಾಂತೀಯ ವಸ್ತು) ಉಂಗುರಕ್ಕೆ ಎಂಟು ಹತ್ತು ಸುತ್ತು ಸುತ್ತಿ ನೋಡಿ, ಕೇಬಲ್ಲಿನ ಹೊರಮೈ ಹಿಡಿದು ಬರುವಷ್ಟು ಕಡಿಮೆಯಾಗುತ್ತದೆ.

ಪರೀಕ್ಷೆಗೆ ಸಮಯ ಸಂಕೇತದ ನಿಲ್ದಾಣಗಳಿಗಿಂತ ಒಳ್ಳೆಯದಿಲ್ಲ. ಅಮೆರಿಕದ ಡಬ್ಲ್ಯುಡಬ್ಲ್ಯುವಿ, ಚೀನಾದ ಬಿಪಿಎಂ ಎರಡೂ 5, 10, 15 ಮೆಗಾಹರ್ಟ್ಸ್‌ಗಳಲ್ಲಿ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತವೆ. ಬೇರೆ ಬೇರೆ ಹೊತ್ತಿನಲ್ಲಿ ಮೂರೂ ಕಡೆ ಹುಡುಕಿ. ಟಿಕ್ ಕೇಳಿಸುತ್ತಿರುವಾಗ ಗ್ಯಾಂಗನ್ನು ಶಿಖರದಿಂದ ಸ್ವಲ್ಪ ಆಚೆ ತಿರುಗಿಸಿ. ಟಿಕ್ ಮುಳುಗಿಹೋದರೆ ನಿಮ್ಮ ಬಳೆ ಸರಿಯಿದೆ. ಏನೂ ವ್ಯತ್ಯಾಸ ಕಾಣದಿದ್ದರೆ ನೀವು ಕೇಳುತ್ತಿರುವುದು ಬಳೆಯಿಂದಲ್ಲ, ಕೇಬಲ್ಲಿನಿಂದ. ಬೆಸುಗೆಗಳನ್ನು ಮತ್ತೊಮ್ಮೆ ನೋಡಿ.