ರಾಪ್ಟರ್ಸ್ 2019: ರಿಂಗ್ ಮೇಲೆ ನಾಲ್ಕು ಸಲ ಪುಟಿದ ಚೆಂಡಿನಿಂದ ಬಂದ ಪ್ರಶಸ್ತಿಯೇ ಅದು?

ಪ್ರಶ್ನೆ — ತುಂಗಾತೀರ

ಉತ್ತರ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯಗಳನ್ನು ಕ್ರಮವಾಗಿ ನೋಡತೊಡಗಿ ನನಗೆ ಎರಡು ವರ್ಷವಷ್ಟೇ ಆಗಿದೆ. ಬಿಡುವಿದ್ದಾಗ ಹಳೆಯ ಋತುಗಳ ಮುಖ್ಯ ಪಂದ್ಯಗಳನ್ನು ಒಂದೊಂದಾಗಿ ನೋಡುತ್ತ, ಈಗ 2018-19ರ ಟೊರೊಂಟೊ ರಾಪ್ಟರ್ಸ್ ತಂಡದ ಬಳಿ ಬಂದು ನಿಂತಿದ್ದೇನೆ. ಕೆನಡಾದ ತಂಡವೊಂದು ಮೊದಲ ಬಾರಿಗೆ ಪ್ರಶಸ್ತಿ ಗೆದ್ದ ಋತು ಅದು ಎಂದು ಎಲ್ಲರೂ ಅಭಿಮಾನದಿಂದ ಮಾತನಾಡುತ್ತಾರೆ. ನನಗೆ ಮಾತ್ರ ಎರಡು ಸಂಶಯಗಳು ಉಳಿದಿವೆ.

ಮೊದಲನೆಯದು ಅದೃಷ್ಟದ ಮಾತು. ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಹಂತದ ಬಳಿಕ ಮೊದಲು ನಾಲ್ಕು ಪಂದ್ಯ ಗೆದ್ದ ತಂಡ ಮುಂದೆ ಹೋಗುವ ಸರಣಿಗಳ ಹಂತದಲ್ಲಿ, ಫಿಲಡೆಲ್ಫಿಯಾ ಎದುರಿನ ಏಳನೆಯ ಪಂದ್ಯದ ಕೊನೆಯ ಕ್ಷಣದಲ್ಲಿ ರಾಪ್ಟರ್ಸ್‌ನ ಕವಾಯ್ ಲಿಯೊನಾರ್ಡ್ ಎಸೆದ ಚೆಂಡು ರಿಂಗ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿದ್ದಿತು. ಅದು ಹೊರಗೆ ಬಿದ್ದಿದ್ದರೆ ಪಂದ್ಯ ಸಮವಾಗಿ ಓವರ್‌ಟೈಮಿಗೆ (ಹೆಚ್ಚುವರಿ ಅವಧಿಗೆ) ಹೋಗುತ್ತಿತ್ತು, ಆಮೇಲೆ ಏನಾಗುತ್ತಿತ್ತೋ ಹೇಳಲಾಗದು. ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕೆವಿನ್ ಡ್ಯುರಾಂಟ್ ಮತ್ತು ಕ್ಲೇ ಥಾಂಪ್ಸನ್ ಇಬ್ಬರೂ ಗಾಯಗೊಂಡು ಹೊರನಡೆದರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವಂಥ ಗೆಲುವಲ್ಲವೇ ಇದು?

ಎರಡನೆಯದು ಲೆಕ್ಕದ ಮಾತು. ಲೀಗ್ ಹಂತದ 82 ಪಂದ್ಯಗಳಲ್ಲಿ ಲಿಯೊನಾರ್ಡ್ ಆಡಿದ್ದು 60 ಮಾತ್ರ. ಅವರು ಆಡದ 22 ಪಂದ್ಯಗಳಲ್ಲಿ ತಂಡ 17ನ್ನು ಗೆದ್ದಿತು. ಆಡಿದ 60ರಲ್ಲಿ 41. ಅವರಿಲ್ಲದೆಯೇ ಹೆಚ್ಚು ಚೆನ್ನಾಗಿ ಗೆಲ್ಲುತ್ತಿದ್ದ ತಂಡಕ್ಕೆ ಅವರ ಅಗತ್ಯವಾದರೂ ಏನಿತ್ತು? ಇಲ್ಲವೇ ಆರು ತಿಂಗಳ ಆ ಲೀಗ್ ಹಂತವೇ ಬರಿಯ ಶಾಸ್ತ್ರಕ್ಕೆ ನಡೆಯುವಂಥದ್ದೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ — ಹಳೆಯ ಗಾರ್ಡ್

ನಿಮ್ಮ ಎರಡನೆಯ ಸಂಶಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ ಎಂಬುದು ನನ್ನ ಅಭಿಪ್ರಾಯ. ಕಾಲೇಜಿನ ದಿನಗಳಲ್ಲಿ ಕಂಠೀರವ ಕ್ರೀಡಾಂಗಣದ ಅಂಗಳದಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ನಡೆಸಿ ಪಾಸ್ ಹಂಚುವವನು, ಆಗಿ ಓಡಾಡಿದವನು ನಾನು. ಆಟ ದೊಡ್ಡದೇನಲ್ಲ, ಆದರೆ ದಣಿದ ಕಾಲು ಎಷ್ಟನೆಯ ನಿಮಿಷದಲ್ಲಿ ಸುಳ್ಳು ಹೇಳತೊಡಗುತ್ತದೆ ಎಂಬುದು ಆಡಿದ ಎಲ್ಲರಿಗೂ ಗೊತ್ತಿರುತ್ತದೆ.

2017-18ರಲ್ಲಿ ಇದೇ ತಂಡ 59 ಪಂದ್ಯ ಗೆದ್ದು ಪೂರ್ವ ವಿಭಾಗದ ಅಗ್ರಸ್ಥಾನದಲ್ಲಿತ್ತು. ಅಂದರೆ ಪ್ರಶಸ್ತಿ ಗೆದ್ದ ವರ್ಷಕ್ಕಿಂತ ಒಂದು ಗೆಲುವು ಹೆಚ್ಚು. ಆದರೆ ಎರಡನೆಯ ಸುತ್ತಿನಲ್ಲಿ ಲೆಬ್ರಾನ್ ಜೇಮ್ಸ್ ಅವರ ಕ್ಲೀವ್‌ಲ್ಯಾಂಡ್ ಎದುರು ನಾಲ್ಕಕ್ಕೆ ನಾಲ್ಕೂ ಸೋತು ಮನೆಗೆ ಹೋಯಿತು. ಅದಕ್ಕೂ ಹಿಂದಿನ ವರ್ಷ ಅದೇ ಎದುರಾಳಿ, ಅದೇ ಸುತ್ತು, ಅದೇ ನಾಲ್ಕು ಸೋಲು. ಇದರಿಂದ ತಂಡದ ಅಧ್ಯಕ್ಷ ಮಸಾಯ್ ಉಜಿರಿ ಕಲಿತ ಪಾಠವೆಂದರೆ, ಲೀಗ್ ಹಂತದಲ್ಲಿ ಗೆಲ್ಲುವ ವಿದ್ಯೆ ತಮ್ಮವರಿಗೆ ಆಗಲೇ ಕರಗತವಾಗಿದೆ, ಇಲ್ಲದ್ದು ಪ್ಲೇಆಫ್ ನಡೆಯುವ ಮೇ ತಿಂಗಳಲ್ಲಿ ಗೆಲ್ಲುವ ವಿದ್ಯೆ. ಅವರು ಕೋಚ್ ಡ್ವೇನ್ ಕೇಸಿ ಅವರನ್ನು ತೆಗೆದುಹಾಕಿದರು. ಕೆಲಸ ಕಳೆದುಕೊಂಡ ಮೇಲೆ ಕೇಸಿ ಅವರಿಗೆ ಆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಬಂದದ್ದು ಈ ಕಥೆಯ ವಿಚಿತ್ರಗಳಲ್ಲೊಂದು. ಸಹಾಯಕರಾಗಿದ್ದ ನಿಕ್ ನರ್ಸ್ ಮುಖ್ಯ ಕೋಚ್ ಆದರು. 2018ರ ಜುಲೈನಲ್ಲಿ, ಒಂಬತ್ತು ಋತು ಅದೇ ಊರಿಗೆ ಆಡಿದ ಡಿಮಾರ್ ಡಿರೋಜನ್ ಅವರನ್ನು ಸ್ಯಾನ್ ಆಂಟೋನಿಯೊಗೆ ಕೊಟ್ಟು ಲಿಯೊನಾರ್ಡ್ ಮತ್ತು ಡ್ಯಾನಿ ಗ್ರೀನ್ ಅವರನ್ನು ತಂದರು.

ಲಿಯೊನಾರ್ಡ್ ಹಿಂದಿನ ಋತುವಿನಲ್ಲಿ ತೊಡೆಯ ಸ್ನಾಯುವಿನ ತೊಂದರೆಯಿಂದ ಒಂಬತ್ತೇ ಪಂದ್ಯ ಆಡಿದ್ದವರು, ಮತ್ತು ಒಂದು ವರ್ಷ ಕಳೆದರೆ ಬೇರೆ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಉಳ್ಳವರು. ಹಾಗಾಗಿ ಟೊರೊಂಟೊ ಅವರನ್ನು ಬಿತ್ತನೆಯ ಬೀಜದಂತೆ ಎತ್ತಿಟ್ಟಿತು. ಬೆನ್ನುಬೆನ್ನಿಗೆ ಎರಡು ರಾತ್ರಿ ಪಂದ್ಯವಿದ್ದರೆ ಒಂದರಲ್ಲಿ ಅವರಿಗೆ ವಿಶ್ರಾಂತಿ. ಟೀಕೆಗಳು ಬಂದವು, ಟಿಕೆಟ್ ಕೊಂಡು ಬಂದವರು ಸಿಟ್ಟಾದರು, ಅದು ನ್ಯಾಯವಾದ ಸಿಟ್ಟೇ. ಆದರೆ ನೀವು ಅನಗತ್ಯದ ಪುರಾವೆ ಎಂದುಕೊಂಡ ಆ 22 ಪಂದ್ಯಗಳೇ ನನ್ನ ದೃಷ್ಟಿಯಲ್ಲಿ ಆ ಋತುವಿನ ಬಂಡವಾಳ. ಮುಖ್ಯ ಆಟಗಾರ ಬೆಂಚಿನಲ್ಲೂ ಇಲ್ಲದ ರಾತ್ರಿಗಳಲ್ಲಿ ಪಾಸ್ಕಲ್ ಸಿಯಾಕಮ್ ಚೆಂಡನ್ನು ತಾವೇ ಹಿಡಿದು ದಾಳಿ ಕಟ್ಟುವುದನ್ನು ಕಲಿತರು. ಆ ವರ್ಷ ಅತಿ ಹೆಚ್ಚು ಸುಧಾರಿಸಿದ ಆಟಗಾರನ ಪ್ರಶಸ್ತಿ ಅವರಿಗೇ ಸಿಕ್ಕಿತು. 2016ರ ಡ್ರಾಫ್ಟಿನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ) ಯಾರೂ ಆರಿಸದೆ ಬಿಟ್ಟಿದ್ದ ಫ್ರೆಡ್ ವ್ಯಾನ್‌ವ್ಲೀಟ್ ಕೊನೆಯ ಕ್ವಾರ್ಟರಿನ (ಪಂದ್ಯದ ಕೊನೆಯ ಕಾಲು ಭಾಗದ) ಹೊಣೆ ಹೊರುವುದನ್ನು ಕಲಿತರು.

ಫೆಬ್ರವರಿಯಲ್ಲಿ ಮೆಂಫಿಸ್‌ನಿಂದ ಮಾರ್ಕ್ ಗಸೋಲ್ ಬಂದರು. ಅಂಕಪಟ್ಟಿಯಲ್ಲಿ ಅವರ ಬೆಲೆ ಕಾಣುವುದಿಲ್ಲ. ಎತ್ತರದ ಆಳಾಗಿದ್ದೂ ಪಾಸ್ ಕೊಡುವುದರಲ್ಲಿ ಗಾರ್ಡ್‌ನ ಕಣ್ಣು, ರಕ್ಷಣೆಯಲ್ಲಿ ಒಂದು ಹೆಜ್ಜೆ ಮುಂಚೆಯೇ ಜಾಗ ಹಿಡಿಯುವ ಅನುಭವ. ಮೊದಲ ಸುತ್ತಿನಲ್ಲಿ ಒರ್ಲ್ಯಾಂಡೊದ ನಿಕೋಲಾ ವುಚೆವಿಚ್, ಎರಡನೆಯದರಲ್ಲಿ ಫಿಲಡೆಲ್ಫಿಯಾದ ಜೋಯಲ್ ಎಂಬೀಡ್, ಇಬ್ಬರಿಗೂ ಎದುರು ನಿಲ್ಲಲು ತಂದ ಮನುಷ್ಯ ಅವರು.

ಇನ್ನೊಂದು ಮಾತು. ಆ ತಂಡದಲ್ಲಿ ಡ್ರಾಫ್ಟಿನ ಮೊದಲ 14 ಸ್ಥಾನಗಳೊಳಗೆ ಆಯ್ಕೆಯಾದವರು ಒಬ್ಬರೂ ಇರಲಿಲ್ಲ. ಲಿಯೊನಾರ್ಡ್ 15ನೆಯವರು, ಕೈಲ್ ಲೌರಿ 24, ಸಿಯಾಕಮ್ 27, ಗ್ರೀನ್ 46, ಗಸೋಲ್ 48. ಹೀಗೆ ಹೆಕ್ಕಿ ಕಟ್ಟಿದ ತಂಡವನ್ನು ಅದೃಷ್ಟದ ಕೂಸು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ — ಮಿಸ್ಸಿಸಾಗಾದ ಕನ್ನಡಿಗ

ಹಳೆಯ ಗಾರ್ಡ್ ಅವರು ಹೇಳಿದ್ದಕ್ಕೆ ಪ್ಲೇಆಫ್ ಪಂದ್ಯಗಳ ಒಂದೆರಡು ವಿವರಗಳನ್ನು ಸೇರಿಸುತ್ತೇನೆ. ನಾನು ಆಗ ಟೊರೊಂಟೊ ಪಕ್ಕದ ಈ ಊರಿಗೆ ಬಂದು ಎಂಟು ವರ್ಷವಾಗಿತ್ತು. ಅಂಗಣದ ಹೊರಗಿನ ಚೌಕದಲ್ಲಿ ದೊಡ್ಡ ಪರದೆ ಕಟ್ಟುತ್ತಾರೆ, ಅದಕ್ಕೆ ಜುರಾಸಿಕ್ ಪಾರ್ಕ್ ಎಂದೇ ಹೆಸರು. ಟಿಕೆಟ್ ಕೊಳ್ಳಲಾಗದ ನನ್ನಂಥವರ ನೆಲೆ ಅದು.

ಆರಂಭ ಹೇಗಿತ್ತು ಗೊತ್ತೇ? ಒರ್ಲ್ಯಾಂಡೊ ಎದುರಿನ ಮೊದಲ ಪಂದ್ಯವನ್ನೇ ನಮ್ಮ ನೆಲದಲ್ಲಿ 101-104ರಿಂದ ಸೋತೆವು, ಮತ್ತು ಲೌರಿ ಒಂದೇ ಒಂದು ಅಂಕ ಗಳಿಸಲಿಲ್ಲ. ಡಿರೋಜನ್ ಅವರನ್ನು ಕಳಿಸಿದ ನೋವು ಊರಿಗೆ ಇನ್ನೂ ಆರಿರಲಿಲ್ಲ. ಅವತ್ತು ರಾತ್ರಿ ರೈಲಿನಲ್ಲಿ ಹಿಂತಿರುಗುವಾಗ ಸುತ್ತಲಿನವರು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ನಾಲ್ಕೂ ಗೆದ್ದರು.

ಇನ್ನು ಆ ನಾಲ್ಕು ಪುಟಿತದ ಪಂದ್ಯ. 2019ರ ಮೇ 12. ಎಲ್ಲರೂ ಕೊನೆಯ ನಾಲ್ಕು ಸೆಕೆಂಡ್ ಮಾತ್ರ ನೋಡುತ್ತಾರೆ, ನೀವು ಅದರ ಹಿಂದಿನ ನಿಮಿಷಗಳನ್ನು ನೋಡಬೇಕು. ಎಂಬೀಡ್ ಆವತ್ತು 48 ನಿಮಿಷಗಳಲ್ಲಿ 45ಕ್ಕೂ ಹೆಚ್ಚು ಆಡಿದರು, ಅವರು ಅಂಗಳದಲ್ಲಿದ್ದ ಹೊತ್ತಿನ ಲೆಕ್ಕವನ್ನಷ್ಟೇ ತೆಗೆದರೆ ಫಿಲಡೆಲ್ಫಿಯಾ ಒಟ್ಟು ಹತ್ತು ಅಂಕ ಮುಂದಿತ್ತು. ಅವರು ಉಸಿರು ತೆಗೆದುಕೊಳ್ಳಲು ಕುಳಿತ ಮೂರು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಟೊರೊಂಟೊ ಹನ್ನೆರಡು ಅಂಕ ಹೆಚ್ಚು ಗಳಿಸಿತು. ಪಂದ್ಯ ಮುಗಿದದ್ದು 92-90. ಲಿಯೊನಾರ್ಡ್ 39 ಸಲ ಬುಟ್ಟಿಗೆ ಎಸೆದು 41 ಅಂಕ ತಂದರು, ನಿಜ. ಆದರೆ ಬೆಂಚಿನಿಂದ ಎದ್ದು ಬಂದ ಸರ್ಜ್ ಇಬಾಕಾ ಅವರ 17 ಅಂಕ ಇಲ್ಲದಿದ್ದರೆ ಆ ಕೊನೆಯ ಎಸೆತದ ಪ್ರಶ್ನೆಯೇ ಏಳುತ್ತಿರಲಿಲ್ಲ. ಚೆಂಡು ಪುಟಿದದ್ದು ಅದೃಷ್ಟ ಎಂದು ಒಪ್ಪುತ್ತೇನೆ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ತೂರಿಕೊಳ್ಳಬೇಕಾದರೆ ಕಣದಲ್ಲಿ ರಾಶಿ ಇರಬೇಕಷ್ಟೇ.

ನನ್ನ ಮಟ್ಟಿಗೆ ಆ ವರ್ಷದ ನಿಜವಾದ ಸರಣಿ ಫೈನಲ್ ಅಲ್ಲ, ಅದಕ್ಕೂ ಮುಂಚಿನ ಸುತ್ತಿನಲ್ಲಿ ಮಿಲ್ವಾಕಿ ಎದುರಿನದು. ಆ ತಂಡ ಲೀಗ್‌ನಲ್ಲೇ ಅತಿ ಹೆಚ್ಚು, ಅಂದರೆ 60 ಪಂದ್ಯ ಗೆದ್ದಿತ್ತು. ಯಾನಿಸ್ ಆಂಟೆಟೊಕೂಂಪೊ ಆ ವರ್ಷದ ಶ್ರೇಷ್ಠ ಆಟಗಾರ. ಮೊದಲೆರಡು ಪಂದ್ಯ ಸೋತೆವು, ಎರಡನೆಯದರಲ್ಲಂತೂ 22 ಅಂಕಗಳ ಸೋಲು. ಮೂರನೆಯದಕ್ಕೆ ನರ್ಸ್ ಒಂದು ಬದಲಾವಣೆ ಮಾಡಿದರು: ಯಾನಿಸ್ ಅವರನ್ನು ತಡೆಯುವ ಕೆಲಸವನ್ನು ಲಿಯೊನಾರ್ಡ್ ಅವರಿಗೇ ಒಪ್ಪಿಸಿ, ಹಿಂದೆ ಉಳಿದವರನ್ನು ಗೋಡೆಯಂತೆ ನಿಲ್ಲಿಸಿದರು. ಎರಡು ಓವರ್‌ಟೈಮ್ ನಡೆಯಿತು. ಯಾನಿಸ್ 12 ಅಂಕಕ್ಕೆ ಆರು ಫೌಲ್‌ಗಳ ಮಿತಿ ಮುಗಿಸಿಕೊಂಡು ಹೊರಬಿದ್ದರು. ವರ್ಷವಿಡೀ ಜತನದಿಂದ ಕಾಪಾಡಿದ್ದ ಲಿಯೊನಾರ್ಡ್ ಆ ರಾತ್ರಿ 52 ನಿಮಿಷ ಆಡಿ 36 ಅಂಕ ತಂದರು. ತೆಗೆದಿಟ್ಟದ್ದು ಯಾವ ದಿನಕ್ಕಾಗಿ ಎಂಬ ಪ್ರಶ್ನೆಗೆ ಆ 52 ನಿಮಿಷಗಳೇ ಉತ್ತರ.

ಆಮೇಲಿನ ಮೂರನ್ನೂ ಗೆದ್ದೆವು. ಅದರಲ್ಲಿ ವ್ಯಾನ್‌ವ್ಲೀಟ್ ಪಾತ್ರ ದೊಡ್ಡದು. ಅಲ್ಲಿಯವರೆಗೆ ಎಸೆದದ್ದೆಲ್ಲ ಹುಸಿಯಾಗುತ್ತಿದ್ದ ಆ ಮನುಷ್ಯ, ಸರಣಿಯ ನಡುವೆ ಮಗ ಹುಟ್ಟಿದ ಮೇಲೆ, ಕೊನೆಯ ಮೂರು ಪಂದ್ಯಗಳಲ್ಲಿ ಮೂರು ಪಾಯಿಂಟಿನ 17 ಎಸೆತಗಳಲ್ಲಿ 14ನ್ನು ಹಾಕಿದರು. ಆರನೆಯ ಪಂದ್ಯದಲ್ಲಿ 15 ಅಂಕ ಹಿಂದಿದ್ದವರು 26-3ರ ಓಟದಿಂದ ತಿರುಗಿ ನಿಂತರು. ಆ ರಾತ್ರಿ ನಾನು ಮನೆ ಸೇರಿದಾಗ ಬೆಳಗಿನ ಮೂರೂವರೆ.

ಉತ್ತರ — ಓಕ್ಲೆಂಡ್ ಪಕ್ಷಪಾತಿ

ಹಿಂದಿನ ಇಬ್ಬರ ಮಾತನ್ನೂ ಗೌರವಿಸುತ್ತೇನೆ, ಆದರೆ ಫೈನಲ್ ಬಗ್ಗೆ ಇಬ್ಬರೂ ಜಾಣತನದಿಂದ ಮೌನವಾಗಿದ್ದಾರೆ. ಡ್ಯುರಾಂಟ್ ಮೊದಲ ನಾಲ್ಕು ಪಂದ್ಯ ಆಡಲೇ ಇಲ್ಲ. ಐದನೆಯದರಲ್ಲಿ ಸುಮಾರು 12 ನಿಮಿಷ ಆಡಿ 11 ಅಂಕ ಗಳಿಸುವಷ್ಟರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಬಿದ್ದರು. ಥಾಂಪ್ಸನ್ ಮೂರನೆಯ ಪಂದ್ಯ ತಪ್ಪಿಸಿಕೊಂಡರು, ಆರನೆಯದರಲ್ಲಿ 30 ಅಂಕ ಗಳಿಸಿ ಆಡುತ್ತಿದ್ದಾಗ ಮೊಣಕಾಲು ಕೈಕೊಟ್ಟಿತು. ಇಷ್ಟಾದರೂ ಕೊನೆಯ ಕ್ಷಣಗಳಲ್ಲಿ ವಾರಿಯರ್ಸ್ ಒಂದೇ ಅಂಕ ಹಿಂದಿದ್ದು, ಸ್ಟೆಫ್ ಕರಿ ಅವರ ಎಸೆತ ಬುಟ್ಟಿಗೆ ಬೀಳದೆ ಹೋಯಿತು. ಈ ಇಬ್ಬರೂ ಆರೋಗ್ಯವಾಗಿದ್ದರೆ ಅದೇ ಫಲಿತಾಂಶ ಬರುತ್ತಿತ್ತು ಎಂದು ಎದೆ ಮುಟ್ಟಿಕೊಂಡು ಹೇಳುವವರು ಯಾರಿದ್ದಾರೆ?

ಒಂದು ವಿಷಯಕ್ಕೆ ಮಾತ್ರ ಮೆಚ್ಚುಗೆ ಸಲ್ಲಬೇಕು. ಎರಡನೆಯ ಪಂದ್ಯದ ಕೊನೆಯಲ್ಲಿ ನರ್ಸ್ ಶಾಲಾ ಮಟ್ಟದ ಪಂದ್ಯಗಳಲ್ಲಿ ಕಾಣುವ ಹಳೆಯ ರಕ್ಷಣಾ ವ್ಯೂಹವೊಂದನ್ನು ಹೊರತೆಗೆದರು: ನಾಲ್ವರು ಚೌಕಾಕಾರವಾಗಿ ನಿಲ್ಲುವುದು, ಐದನೆಯವರು ಕರಿ ಅವರ ನೆರಳಿನಂತೆ ಹಿಂದೆ ಬೀಳುವುದು. ಐದು ನಿಮಿಷಕ್ಕೂ ಹೆಚ್ಚು ಹೊತ್ತು ವಾರಿಯರ್ಸ್‌ಗೆ ಅಂಕವೇ ಬರಲಿಲ್ಲ. ಆ ಪಂದ್ಯವನ್ನು ನಾವು, ವಾರಿಯರ್ಸ್ ಕಡೆಯವರೇ, ಗೆದ್ದೆವು, ಆದರೂ ಸರಣಿಯುದ್ದಕ್ಕೂ ಆ ಅಳುಕು ಹೋಗಲಿಲ್ಲ.

ಉತ್ತರ — ಹಳೆಯ ಗಾರ್ಡ್

ಎದೆ ಮುಟ್ಟಿಕೊಂಡು ಹೇಳುವುದು ನನ್ನಿಂದಲೂ ಆಗದು. ಎಲ್ಲರೂ ಆರೋಗ್ಯವಾಗಿದ್ದರೆ ಏಳನೆಯ ಪಂದ್ಯದವರೆಗೂ ಹೋಗುತ್ತಿತ್ತೇನೋ. ಆದರೆ ಗಾಯದ ಲೆಕ್ಕವನ್ನು ಎರಡೂ ಕಡೆ ಬರೆಯಬೇಕು. ಟೊರೊಂಟೊದ ಒ.ಜಿ. ಅನುನೊಬಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಿಂದಾಗಿ ಆ ಪ್ಲೇಆಫ್‌ನಲ್ಲಿ ಒಂದು ನಿಮಿಷವೂ ಆಡಲಿಲ್ಲ. ಅವರು ಡ್ಯುರಾಂಟ್‌ಗೆ ಸಮನಲ್ಲ, ಒಪ್ಪಿದೆ. ಡ್ಯುರಾಂಟ್ ಇಲ್ಲದ ಅದೇ ವಾರಿಯರ್ಸ್ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಪೋರ್ಟ್‌ಲ್ಯಾಂಡ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿ ಬಂದಿತ್ತು ಎಂಬುದನ್ನೂ ಮರೆಯಬಾರದು. ಅಂಥ ತಂಡವನ್ನು ಅದರ ಅಂಗಳದಲ್ಲೇ ಟೊರೊಂಟೊ ಮೂರು ಸಲ ಸೋಲಿಸಿತು.

ಆರನೆಯ ಪಂದ್ಯವನ್ನು ನಾನು ಜೂನ್ 14ರ ಬೆಳಗ್ಗೆ ಆರೂವರೆಗೆ ಇಲ್ಲಿ ಕುಳಿತು ನೋಡಿದೆ. ಹಿಂದಿನ ದಿನ ನಾಟಿಂಗ್‌ಹ್ಯಾಮ್‌ನಲ್ಲಿ ಭಾರತ-ನ್ಯೂಜಿಲೆಂಡ್ ವಿಶ್ವಕಪ್ ಪಂದ್ಯ ಒಂದು ಎಸೆತವೂ ಇಲ್ಲದೆ ಮಳೆಗೆ ಹೋಗಿತ್ತು, ಮನೆಯವರೆಲ್ಲ ಬೇಸರದಲ್ಲಿದ್ದರು. ಒರ್ಲ್ಯಾಂಡೊ ಎದುರು ಶೂನ್ಯಕ್ಕೆ ಕುಳಿತಿದ್ದ ಲೌರಿ ಅಂದು ತಂಡದ ಮೊದಲ ಹನ್ನೊಂದು ಅಂಕಗಳನ್ನೂ ಒಬ್ಬರೇ ಗಳಿಸಿದರು, ಒಟ್ಟು 26. ಸಿಯಾಕಮ್ 26, ವ್ಯಾನ್‌ವ್ಲೀಟ್ 22, ಅದರಲ್ಲಿ 12 ಕೊನೆಯ ಕ್ವಾರ್ಟರಿನಲ್ಲಿ. ಲಿಯೊನಾರ್ಡ್ ಕೂಡ 22. ನೋಡಿ, ಪ್ರಶಸ್ತಿಯ ರಾತ್ರಿ ಆ ತಂಡ ಆಡಿದ್ದು ಲಿಯೊನಾರ್ಡ್ ಇಲ್ಲದ 22 ಪಂದ್ಯಗಳಲ್ಲಿ ರೂಢಿ ಮಾಡಿಕೊಂಡಿದ್ದ ಆಟವನ್ನೇ. ಅಂತಿಮ ಅಂಕ 114-110.

ಮುಂದಿನ ವರ್ಷದ ಲೆಕ್ಕವೂ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದೇ. ಲಿಯೊನಾರ್ಡ್ ಲಾಸ್ ಏಂಜಲಿಸ್‌ನ ಕ್ಲಿಪ್ಪರ್ಸ್ ತಂಡಕ್ಕೆ ಹೋದರು. ಅವರಿಲ್ಲದ ರಾಪ್ಟರ್ಸ್, ಕೋವಿಡ್‌ನಿಂದ ಮೊಟಕಾದ ಆ ಋತುವಿನ 72ರಲ್ಲಿ 53 ಪಂದ್ಯ ಗೆದ್ದು, ಎರಡನೆಯ ಸುತ್ತಿನ ಏಳನೆಯ ಪಂದ್ಯದಲ್ಲಿ ಬೋಸ್ಟನ್ ಎದುರು 87-92ರಿಂದ ಸೋತಿತು.

ಪ್ರಶ್ನಿಸಿದವರು — ತುಂಗಾತೀರ

ಮೂವರಿಗೂ ವಂದನೆಗಳು. ಮಿಲ್ವಾಕಿ ಎದುರಿನ ಮೂರನೆಯ ಪಂದ್ಯವನ್ನು ನಾನು ಐದು ನಿಮಿಷದ ತುಣುಕಿನಲ್ಲಿ ಮಾತ್ರ ನೋಡಿದ್ದೆ. ಈ ಭಾನುವಾರ ಇಡೀ ಪಂದ್ಯ ನೋಡುತ್ತೇನೆ. ಫಿಲಡೆಲ್ಫಿಯಾ ಪಂದ್ಯವನ್ನೂ ಮತ್ತೊಮ್ಮೆ ಹಾಕಿಕೊಂಡು, ಈ ಸಲ ಎಂಬೀಡ್ ಕುಳಿತ ನಿಮಿಷಗಳನ್ನು ಬರೆದಿಟ್ಟುಕೊಳ್ಳಬೇಕು. ಒಂದು ಉಪಪ್ರಶ್ನೆ ಉಳಿದಿದೆ: ಐದನೆಯ ಫೈನಲ್ ಪಂದ್ಯದಲ್ಲಿ, ಮೂರು ನಿಮಿಷ ಬಾಕಿ ಇದ್ದು ಟೊರೊಂಟೊ ಆರು ಅಂಕ ಮುಂದಿದ್ದಾಗ, ಲಿಯೊನಾರ್ಡ್ ಬೆಂಕಿಯಂತೆ ಆಡುತ್ತಿದ್ದ ಹೊತ್ತಿನಲ್ಲೇ ನರ್ಸ್ ಟೈಮ್‌ಔಟ್ ಕರೆದದ್ದೇಕೆ?