ಪ್ರಶ್ನೋತ್ತರ: ರುವಾಂಡಾದ ಮಕ್ಕಳ ಕ್ರಿಕೆಟ್‌ಗೆ ಇಂಗ್ಲೆಂಡಿನ ಕ್ಲಬ್‌ನಿಂದ ದುಡ್ಡು, ಕಿಟ್ಟು ಕಳಿಸೋದು ಹೇಗೆ?

ಪ್ರಶ್ನೆ (ಕ್ಲಬ್ ಖಜಾಂಚಿ, ಮಿಡ್‌ಲ್ಯಾಂಡ್ಸ್): ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಕ್ರಿಕೆಟ್ ಕ್ಲಬ್. ಶನಿವಾರ ಆಡುವ ಎರಡು ತಂಡ, ಜೊತೆಗೆ ಮಕ್ಕಳ ವಿಭಾಗ. ಸಿಎಎಸ್‌ಸಿ (ತೆರಿಗೆ ರಿಯಾಯಿತಿ ಸಿಗುವ ಹವ್ಯಾಸಿ ಸಮುದಾಯ ಕ್ರೀಡಾ ಕ್ಲಬ್) ನೋಂದಣಿ ಇದೆ. ಸೀಸನ್ ಕೊನೆಗೆ ಸಿಕ್ಸ್-ಎ-ಸೈಡ್ ಪಂದ್ಯಾವಳಿ ಮಾಡಿ, ಬಂದ ಹಣವನ್ನು ಆಫ್ರಿಕಾದ ಮಕ್ಕಳಿಗೆ ಕ್ರಿಕೆಟ್ ಕಲಿಸುತ್ತಲೇ ಎಚ್‌ಐವಿ ಅರಿವು ಮೂಡಿಸುವ ‘ಕ್ರಿಕೆಟ್ ವಿದೌಟ್ ಬೌಂಡರೀಸ್’ ಸಂಸ್ಥೆಗೆ, ಅದರ ರುವಾಂಡಾ ಕೆಲಸಕ್ಕೆ ಕೊಡಬೇಕು ಅಂತ ಕಮಿಟಿ ತೀರ್ಮಾನಿಸಿದೆ. ಹಣವನ್ನು ಕ್ಲಬ್ ಖಾತೆಗೇ ಹಾಕಿಸಿಕೊಂಡು, ನಾವೇ ಗಿಫ್ಟ್ ಏಡ್ (ದಾನಿ ಕಟ್ಟಿದ ತೆರಿಗೆಯ ಒಂದು ಪಾಲನ್ನು ಸರ್ಕಾರ ದೇಣಿಗೆಗೆ ಸೇರಿಸಿಕೊಡುವ ಯೋಜನೆ) ಕ್ಲೇಮ್ ಮಾಡಿ ಒಟ್ಟಿಗೆ ಕಳಿಸಬಹುದಾ?

ಉತ್ತರ (ಅಕೌಂಟೆಂಟ್): ಬೇಡ ಸರ್. ಸಿಎಎಸ್‌ಸಿ ಆಗಿ ನೀವು ಕ್ಲೇಮ್ ಮಾಡುವ ಗಿಫ್ಟ್ ಏಡ್ ನಿಮ್ಮ ಕ್ಲಬ್ಬಿನ ಆಟಕ್ಕೆ ಅಂತ ಸರ್ಕಾರ ಬಿಟ್ಟುಕೊಡುವ ತೆರಿಗೆ. ಅದನ್ನು ಇನ್ನೊಬ್ಬರಿಗೆ ದಾಟಿಸಿದರೆ ಅತ್ತೆಯ ಧನವನ್ನು ಅಳಿಯ ದಾನ ಮಾಡಿದ ಹಾಗೆ. ಕ್ಲಬ್ಬಿನ ಸ್ವಂತ ಉಳಿತಾಯದಿಂದ ನೋಂದಾಯಿತ ಚಾರಿಟಿಗೆ ದೇಣಿಗೆ ಕೊಡಲು ಸಿಎಎಸ್‌ಸಿ ನಿಯಮದಲ್ಲಿ ಅವಕಾಶ ಇದೆ. ಆದರೆ ನಿಮ್ಮ ಕ್ಲಬ್ಬಿನ ನಿಯಮಾವಳಿಯಲ್ಲೂ ಆ ಸಾಲು ಇರಬೇಕು, ಮೊದಲು ಅದನ್ನು ತೆಗೆದು ಓದಿ. ರುವಾಂಡಾ ರಾಜಧಾನಿ ಕಿಗಾಲಿಯ ಯಾವುದೋ ಶಾಲೆಗೋ ಅಲ್ಲಿನ ಕೋಚ್ ಖಾತೆಗೋ ಕ್ಲಬ್ಬಿನಿಂದ ನೇರವಾಗಿ ದುಡ್ಡು ಹಾಕಿದರೆ ಅದು ಈ ಅವಕಾಶದೊಳಗೆ ಬರುವುದಿಲ್ಲ. ಇಲ್ಲಿನ ಚಾರಿಟಿಯ ಮೂಲಕವೇ ಹೋಗಲಿ.

ಸರಿಯಾದ ದಾರಿ ಇದು. ಚಾರಿಟಿಯ ಹೆಸರು, ನೋಂದಣಿ ಸಂಖ್ಯೆ ಮೇಲೆ ಬರೆದಿರುವ ಎಚ್‌ಎಂಆರ್‌ಸಿ (ಬ್ರಿಟನ್ನಿನ ತೆರಿಗೆ ಇಲಾಖೆ) ಮಾದರಿಯ ಪ್ರಾಯೋಜಕತ್ವ ಫಾರಂ ಇಟ್ಟುಕೊಳ್ಳಿ. ಕೊಡುವವರು ಪೂರ್ತಿ ಹೆಸರು, ಮನೆ ವಿಳಾಸ, ಪೋಸ್ಟ್‌ಕೋಡ್, ಮೊತ್ತ, ತಾರೀಖು ಬರೆದು ಗಿಫ್ಟ್ ಏಡ್ ಚೌಕಕ್ಕೆ ಟಿಕ್ ಹಾಕಬೇಕು. ಕ್ಲೇಮ್ ಮಾಡುವುದು ಚಾರಿಟಿ. 1 ಪೌಂಡ್ 1.25 ಆಗುತ್ತದೆ. ಎಡವುವುದು ಎಲ್ಲಿ ಅಂದರೆ: ಆಫೀಸ್ ವಿಳಾಸ ಬರೆಯುತ್ತಾರೆ, ಮೇಲಿನ ಸಾಲು ನೋಡಿ ‘ಅದೇ’ ಅಂತ ಚಿಹ್ನೆ ಎಳೆಯುತ್ತಾರೆ, ಗಂಡ ಕೊಟ್ಟ ದುಡ್ಡಿಗೆ ಹೆಂಡತಿ ಟಿಕ್ ಹಾಕುತ್ತಾರೆ. ಟಿಕ್ ಹಾಕಿದವರು ಆ ವರ್ಷ ಅಷ್ಟು ತೆರಿಗೆ ಕಟ್ಟಿರದಿದ್ದರೆ ವ್ಯತ್ಯಾಸವನ್ನು ಅವರೇ ಕಟ್ಟಬೇಕಾಗುತ್ತದೆ. ವಿದ್ಯಾರ್ಥಿಗಳಿಗೂ ಭೇಟಿಗೆ ಬಂದಿರುವ ಅಪ್ಪ-ಅಮ್ಮಂದಿರಿಗೂ ಇದನ್ನು ಮೊದಲೇ ಹೇಳಿಬಿಡಿ.

ಡಬ್ಬಿಗೆ ಬೀಳುವ ಚಿಲ್ಲರೆಗೆ ಫಾರಂ ಬೇಕಿಲ್ಲ. ತಲಾ 30 ಪೌಂಡ್ ಒಳಗಿನ ನಗದು ಅಥವಾ ಕಾಂಟ್ಯಾಕ್ಟ್‌ಲೆಸ್ ದೇಣಿಗೆಗೆ ಸಣ್ಣ ದೇಣಿಗೆ ಯೋಜನೆ ಇದೆ, ಅದನ್ನೂ ಚಾರಿಟಿಯೇ ಕ್ಲೇಮ್ ಮಾಡುತ್ತದೆ. ಡಬ್ಬಿ ಎಣಿಸುವಾಗ ಇಬ್ಬರು ಕೂತು ಸಹಿ ಹಾಕಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ತಂಡಗಳ ಪ್ರವೇಶ ಶುಲ್ಕ, ರಾಫಲ್ (ಟಿಕೆಟ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡೋದು), ಹರಾಜು? ಇವಕ್ಕೂ ಗಿಫ್ಟ್ ಏಡ್ ಬರುತ್ತಾ?

ಉತ್ತರ (ಅಕೌಂಟೆಂಟ್): ಮೊದಲೆರಡಕ್ಕೆ ಇಲ್ಲ ಮೇಡಂ, ಪ್ರತಿಯಾಗಿ ಆಟವೋ ಬಹುಮಾನದ ಅವಕಾಶವೋ ಸಿಗುತ್ತದಲ್ಲ. ಬಾರ್, ಚಹಾ, ದೋಸೆ ಸ್ಟಾಲ್ ಕೂಡ ಹಾಗೇ. ಹರಾಜಿನಲ್ಲಿ ಮಾರುಕಟ್ಟೆ ಬೆಲೆಗಿಂತ ಮೇಲೆ ಕೊಟ್ಟದ್ದಕ್ಕೆ ಮಾತ್ರ. ಅಂಗಡಿಯಲ್ಲಿ 80 ಪೌಂಡಿಗೆ ಸಿಗುವ ಬ್ಯಾಟ್ 150ಕ್ಕೆ ಹೋದರೆ 70ಕ್ಕೆ ಗಿಫ್ಟ್ ಏಡ್, ಅಂದರೆ 17.50. ಅಂಗಡಿ ಬೆಲೆ ಎಷ್ಟು ಅಂತ ಕೂಗುವ ಮೊದಲೇ ಕೊಳ್ಳುವವರಿಗೆ ಗೊತ್ತಿರಬೇಕು, ಚೀಟಿ ಅಂಟಿಸಿಡಿ. ರಾಫಲ್ ಟಿಕೆಟ್ ಪಂದ್ಯದ ದಿನ ಮೈದಾನದಲ್ಲೇ ಮಾರಿದರೆ ಲೈಸೆನ್ಸ್ ಬೇಡ. ಹಿಂದಿನ ವಾರದಿಂದಲೇ ಹೊರಗಿನವರಿಗೆ ಮಾರುವುದಾದರೆ ಸ್ಥಳೀಯ ಕೌನ್ಸಿಲ್‌ನಲ್ಲಿ ಸಣ್ಣ ಸೊಸೈಟಿ ಲಾಟರಿ ಅಂತ ನೋಂದಾಯಿಸಬೇಕು, ಮೊದಲ ಸಲದ ಶುಲ್ಕ 40 ಪೌಂಡ್.

ಪ್ರಶ್ನೆ (ಖಜಾಂಚಿ): ತುಂಬಾ ಉಪಕಾರ. ಇನ್ನು ಶೆಡ್‌ನಲ್ಲಿರುವ ಕಿಟ್. ಹದಿನೈದು ಬ್ಯಾಟ್, ಪ್ಯಾಡ್, ಹೆಲ್ಮೆಟ್, ಎರಡು ಮೂಟೆ ಹಳೇ ಬಿಳಿ ಬಟ್ಟೆ, ಸ್ಪೈಕ್ ಶೂ. ಎಲ್ಲ ಪೆಟ್ಟಿಗೆಗೆ ತುಂಬಿ ಹಡಗಿಗೆ ಹಾಕಿದರೆ?

ಉತ್ತರ (ಮಕ್ಕಳ ಕೋಚ್): ಬಟ್ಟೆ, ಶೂ ಮೂಟೆಗಳನ್ನು ಈಗಲೇ ಬದಿಗಿಡಿ. ಸ್ಥಳೀಯ ಬಟ್ಟೆ ಉದ್ಯಮ ಬೆಳೆಸಬೇಕು ಅಂತ ರುವಾಂಡಾ 2016ರಲ್ಲಿ ಹಳೇ ಬಟ್ಟೆಯ ಸುಂಕವನ್ನು ಕಿಲೋಗೆ 0.20 ಡಾಲರ್‌ನಿಂದ 2.50ಕ್ಕೆ, ಹಳೇ ಶೂಗೆ 5 ಡಾಲರ್‌ಗೆ ಏರಿಸಿತು. ಇದೇ ಕಾರಣಕ್ಕೆ 2018ರಲ್ಲಿ ಅಮೆರಿಕ ರುವಾಂಡಾದ ಉಡುಪಿಗಿದ್ದ ಸುಂಕ ರಿಯಾಯಿತಿಯನ್ನು ತಡೆಹಿಡಿಯಿತು, ಅಷ್ಟು ಗಂಭೀರ ವಿಷಯ ಅದು. ನೀವು ಕಳಿಸಿದ ಮೂಟೆ ಬಿಡಿಸಿಕೊಳ್ಳಲು ಅಲ್ಲಿಯವರು ದುಡ್ಡು ಸುರಿಯಬೇಕಾಗುತ್ತದೆ.

ಹಡಗೂ ಬೇಡ. ರುವಾಂಡಾಗೆ ಸಮುದ್ರವೇ ಇಲ್ಲ. ಮೊಂಬಾಸಾ ಅಥವಾ ದಾರ್ ಎಸ್ ಸಲಾಮ್‌ನಲ್ಲಿ ಇಳಿಸಿ ಲಾರಿಯಲ್ಲಿ ಸಾಗಿಸಬೇಕು. ಆ ಖರ್ಚು ಶೆಡ್ಡಿನ ಸಾಮಾನಿನ ಬೆಲೆಯನ್ನು ಮೀರುತ್ತದೆ. ಚಾರಿಟಿಯ ಸ್ವಯಂಸೇವಕರು ಹೋಗುವಾಗ ಒಯ್ಯುವ ಚೆಕ್-ಇನ್ ಬ್ಯಾಗ್‌ಗೆ ಹೊಂದುವಷ್ಟನ್ನೇ ಆರಿಸಿ, ಅದೂ ಅವರು ಕೇಳಿದ್ದನ್ನು. 23 ಕಿಲೋ ಬ್ಯಾಗ್ ಅಂದುಕೊಳ್ಳಿ, ಖಾಲಿ ಬ್ಯಾಗೇ ಸುಮಾರು 3 ಕಿಲೋ. ಮಿಕ್ಕ 20ರಲ್ಲಿ ಮಕ್ಕಳ 4 ಮತ್ತು 5ನೇ ಸೈಜಿನ 8 ಬ್ಯಾಟ್ (ತಲಾ ಸುಮಾರು 1 ಕಿಲೋ), ಜೂನಿಯರ್ ಪ್ಯಾಡ್ 4 ಜೊತೆ, ಗ್ಲೌಸ್ 6 ಜೊತೆ, ಟೆನಿಸ್ ಚೆಂಡು 50 (ಸುಮಾರು 3 ಕಿಲೋ) ಹಿಡಿಯುತ್ತವೆ. ಉಳಿದ ಒಂದೆರಡು ಕಿಲೋಗೆ ಕೋನ್‌ಗಳು.

ಕ್ಲಬ್ ಶೆಡ್‌ಗಳಲ್ಲಿ ಬಿದ್ದಿರುವುದು ಹೆಚ್ಚಾಗಿ ದೊಡ್ಡವರ ಶಾರ್ಟ್ ಹ್ಯಾಂಡಲ್ ಬ್ಯಾಟ್. ಹತ್ತು ವರ್ಷದ ಮಗುವಿಗೆ ಅದು ಒನಕೆ. ಮಗು ಕೆಳಗಿನ ಕೈಯಿಂದಲೇ ಎಳೆದು ಬೀಸುವುದನ್ನು ಕಲಿಯುತ್ತದೆ, ಆಮೇಲೆ ಆ ಅಭ್ಯಾಸ ಬಿಡಿಸುವುದು ಕಷ್ಟ. ಹಿಡಿ ಬಿರುಕು ಬಿಟ್ಟದ್ದು, ತುದಿ ನೀರು ಕುಡಿದು ಉಬ್ಬಿದ್ದು, ವೆಲ್ಕ್ರೋ ಸತ್ತ ಪ್ಯಾಡ್, ಬೂಸ್ಟು ಹಿಡಿದ ಗ್ಲೌಸ್ ಗುಜರಿಗೆ. ಹೆಲ್ಮೆಟ್‌ನೊಳಗೆ ಬಿಎಸ್ 7928:2013 (ಬ್ರಿಟಿಷ್ ಸುರಕ್ಷತಾ ಮಾನದಂಡ) ಲೇಬಲ್ ಇದ್ದು, ಒಮ್ಮೆಯೂ ಚೆಂಡಿನ ಏಟು ತಿಂದಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ಕೊಡಿ. ನಿಮ್ಮ ಮಕ್ಕಳಿಗೆ ಹಾಕದ ಹೆಲ್ಮೆಟ್ ಅಲ್ಲಿನ ಮಕ್ಕಳಿಗೂ ಬೇಡ. ಲೆದರ್ ಬಾಲ್ ಶಾಲೆಯ ಮಣ್ಣು-ಕಲ್ಲು ಅಂಗಳದಲ್ಲಿ ಒಂದೇ ದಿನಕ್ಕೆ ಸಿಪ್ಪೆ ಏಳುತ್ತದೆ, ಪುಟಿಯುವುದು ಎತ್ತಲೋ ಗೊತ್ತಾಗದೆ ಮಕ್ಕಳು ಹೆದರುತ್ತಾರೆ.

ನನ್ನನ್ನು ಕೇಳಿದರೆ ಹಳೇದಕ್ಕಿಂತ ಹೊಸ ಪ್ಲಾಸ್ಟಿಕ್ ಸೆಟ್ ವಾಸಿ. 30 ಮಕ್ಕಳ ತರಗತಿಯನ್ನು ನಾಲ್ಕು ಗುಂಪು ಮಾಡಿದರೆ 6 ಪ್ಲಾಸ್ಟಿಕ್ ಬ್ಯಾಟ್, 15 ಮೆತ್ತನೆ ಚೆಂಡು, 24 ಕೋನ್, 4 ಸ್ಟಂಪ್ ಸೆಟ್ ಸಾಕು. ಯಾರೂ ಸಾಲಿನಲ್ಲಿ ನಿಂತು ಕಾಯಬೇಕಿಲ್ಲ. ಇದನ್ನು ಶಾಲೆಯಲ್ಲೇ ಬಿಟ್ಟು, ಟೀಚರ್‌ಗೆ ತರಬೇತಿ ಕೊಟ್ಟು ಬಂದರೆ ಸ್ವಯಂಸೇವಕರು ಹೊರಟ ಮೇಲೂ ಆಟ ನಡೆಯುತ್ತದೆ. ಆದ್ದರಿಂದ ನಿಮ್ಮ ಹಣದ ದೊಡ್ಡ ಪಾಲು ಸ್ಥಳೀಯ ಕೋಚ್‌ಗಳ ತರಬೇತಿಗೆ, ಬಸ್ ಖರ್ಚಿಗೆ ಹೋದರೆ ಬೇಸರ ಪಡಬೇಡಿ. ಫೋಟೋದಲ್ಲಿ ಕಾಣುವುದಿಲ್ಲ, ಅಷ್ಟೇ.

ಪ್ರಶ್ನೆ (ಇನ್ನೊಬ್ಬ ಜೂನಿಯರ್ ಕೋಚ್): ನಾನೇ ಎರಡು ವಾರ ಸ್ವಯಂಸೇವಕನಾಗಿ ಹೋಗುವ ಯೋಚನೆ ಇದೆ. ಕ್ಲಬ್ಬಿನ ಡಿಬಿಎಸ್ (ಅಪರಾಧ ದಾಖಲೆಯ ತಪಾಸಣೆ) ಇದೆ, ಸಾಕಲ್ವಾ?

ಉತ್ತರ (ಮಕ್ಕಳ ಕೋಚ್): ಡಿಬಿಎಸ್ ನೋಡುವುದು ಬ್ರಿಟನ್ನಿನ ದಾಖಲೆ ಮಾತ್ರ. ಹೊರದೇಶದಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಐಸಿಪಿಸಿ ಅನ್ನುವ ಬೇರೆ ಪ್ರಮಾಣಪತ್ರ ಇದೆ. ಊರು ಬಿಟ್ಟು ಬಂದು ಹೆಚ್ಚು ದಿನ ಆಗಿರದಿದ್ದರೆ ಭಾರತದ ಪೊಲೀಸ್ ಕ್ಲಿಯರೆನ್ಸನ್ನೂ ಕೇಳಬಹುದು, ಈಗಲೇ ಅರ್ಜಿ ಹಾಕಿಬಿಡಿ. ಇನ್ನೊಂದು: ಕಿಗಾಲಿಯಿಂದ ಹಾಗೇ ಬೆಂಗಳೂರಿಗೆ ಹೋಗಿ ಬರೋಣ ಅಂತಿದ್ದರೆ ಹಳದಿ ಜ್ವರದ ಲಸಿಕೆ ಕಾರ್ಡ್ ಕೈಯಲ್ಲಿರಲಿ. ಭಾರತದ ಪಟ್ಟಿಯಲ್ಲಿ ರುವಾಂಡಾ ಇದೆ. ಕಾರ್ಡ್ ಇಲ್ಲದೆ ಇಳಿದರೆ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಕಾರ್ಡಿಗೆ ಬೆಲೆ.

ಪ್ರಶ್ನೆ (ಬೆಂಗಳೂರಿನಿಂದ): ಜಯನಗರದ ನಮ್ಮ ಕ್ಲಬ್ ಟ್ರಸ್ಟ್ ಆಗಿ ನೋಂದಣಿಯಾಗಿದೆ. ನಾವೂ ಸೇರಿಕೊಳ್ಳಬಹುದಾ?

ಉತ್ತರ (ಅಕೌಂಟೆಂಟ್): ಟ್ರಸ್ಟ್ ಹೆಸರಿನಲ್ಲಿ ಬೇಡ ಸರ್. ತೆರಿಗೆ ವಿನಾಯಿತಿ ಪಡೆದ ಟ್ರಸ್ಟಿನ ಆದಾಯ ಭಾರತದೊಳಗೇ ಖರ್ಚಾಗಬೇಕು. ಹೊರಗೆ ಖರ್ಚು ಮಾಡಲು ಕೇಂದ್ರ ನೇರ ತೆರಿಗೆ ಮಂಡಳಿಯ (ಸಿಬಿಡಿಟಿ) ವಿಶೇಷ ಆದೇಶ ಬೇಕು. ಸದಸ್ಯರು ವೈಯಕ್ತಿಕವಾಗಿ ಎಲ್‌ಆರ್‌ಎಸ್ (ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕ್ ಯೋಜನೆ) ಅಡಿ ಬ್ಯಾಂಕಿನಿಂದ ಕಳಿಸಬಹುದು, ಮಿತಿ ವರ್ಷಕ್ಕೆ ತಲಾ 2.5 ಲಕ್ಷ ಡಾಲರ್. ಆದರೆ ವಿದೇಶಿ ಚಾರಿಟಿಗೆ ಕೊಟ್ಟದ್ದಕ್ಕೆ ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಪ್ರಶ್ನೆ (ಖಜಾಂಚಿ): ಕೊನೆಯದು. ಪ್ಯಾಕಿಂಗ್‌ನಲ್ಲಿ ಏನಾದರೂ ಗಮನಿಸಬೇಕಾ?

ಉತ್ತರ (ಮಕ್ಕಳ ಕೋಚ್): ಚೆಂಡು, ಗ್ಲೌಸನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಬೇಡಿ. ರುವಾಂಡಾದಲ್ಲಿ 2008ರಿಂದ ಪ್ಲಾಸ್ಟಿಕ್ ಚೀಲ ನಿಷೇಧ, ವಿಮಾನ ನಿಲ್ದಾಣದಲ್ಲೇ ಬಿಚ್ಚಿಸಿ ಕಿತ್ತುಕೊಳ್ಳುತ್ತಾರೆ. ಬಟ್ಟೆ ಚೀಲವೋ ಹಳೇ ದಿಂಬಿನ ಕವರೋ ಸಾಕು. ಪ್ರತಿ ಬ್ಯಾಗ್‌ನ ಮೇಲ್ಭಾಗದಲ್ಲಿ ಸಾಮಾನಿನ ಪಟ್ಟಿ, ಎಣಿಕೆ, ಒಂದೊಂದರ ಅಂದಾಜು ಬೆಲೆ ಬರೆದ ಹಾಳೆ ಇಡಿ. ‘ದಾನ, ಬೆಲೆ ಇಲ್ಲ’ ಅಂತ ಬರೆದರೆ ಕಸ್ಟಮ್ಸ್‌ನವರು ತಮಗೆ ತೋಚಿದ ಬೆಲೆ ಹಾಕುತ್ತಾರೆ. ಜೊತೆಗೆ ಅಲ್ಲಿ ಪಡೆಯುವ ಸಂಸ್ಥೆಯ ಪತ್ರದ ಪ್ರತಿ, ಬ್ಯಾಗ್ ಒಯ್ಯುವವರ ಕೈಚೀಲದಲ್ಲೂ ಒಂದು.